ಬೇಟೆಯ ಬಿಲ್ಲಿಗೆ ಯಾವ ಆರೋ ರೆಸ್ಟ್ ಹಾಕಿಸಬೇಕು? ಬಿಸ್ಕೆಟ್, ಡ್ರಾಪ್-ಅವೇ ಮತ್ತು ಉಳಿದವು

ಹೊಸ ಬಿಲ್ಲು ಕೊಳ್ಳುವವರು ವಾರಗಟ್ಟಲೆ ವಿಚಾರಿಸುತ್ತಾರೆ. ಯಾವ ಕಂಪನಿ, ಎಳೆಯಲು ಎಷ್ಟು ಪೌಂಡ್, ಬಾಣ ಸೆಕೆಂಡಿಗೆ ಎಷ್ಟು ಅಡಿ ಹೋಗುತ್ತದೆ, ಎಲ್ಲವನ್ನೂ ಕೇಳುತ್ತಾರೆ. ಬಾಣದ ಮುಂಭಾಗವನ್ನು ಹೊರುವ ಸಣ್ಣ ಆಸರೆಯಾದ ರೆಸ್ಟ್ ವಿಷಯಕ್ಕೆ ಬಂದಾಗ ಮಾತ್ರ ಅಂಗಡಿಯವರು ಏನು ಹಾಕಿಕೊಟ್ಟರೋ ಅದೇ ಆಯಿತು. ಇದು ಸರಿಯಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ಬಾಣ ಹೊರಡುವಾಗ ಅದನ್ನು ಮುಟ್ಟಿಕೊಂಡಿರುವುದು ಎರಡೇ: ಹಿಂದೆ ಹೆದೆ, ಮುಂದೆ ರೆಸ್ಟ್. ಸಾವಿರ ಡಾಲರ್ ಬಿಲ್ಲಿನಲ್ಲಿ ರೆಸ್ಟ್ ಒಂದು ಸರಿಯಿಲ್ಲದಿದ್ದರೆ ಬಾಣ ವಾರೆಯಾಗಿಯೇ ಹೋಗುತ್ತದೆ.

ಮೊದಲೇ ಒಂದು ಮಾತು. ಇದು ಅಮೆರಿಕದ ಬಿಲ್ಲು ಬೇಟೆಯ ವಿಷಯ. ನಾನು ಬರೆಯುತ್ತಿರುವುದು ಮಿಶಿಗನ್‌ನ ವೈಟ್‌ಟೇಲ್ ಜಿಂಕೆ ಬೇಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಇಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲಿನ ಸೀಸನ್ ಶುರುವಾಗುತ್ತದೆ, ನವೆಂಬರ್ 15ಕ್ಕೆ ಬಂದೂಕಿನವರು ಕಾಡಿಗೆ ಇಳಿಯುತ್ತಾರೆ. ಡೆಟ್ರಾಯ್ಟ್ ಸುತ್ತಮುತ್ತ ಇರುವ ನಮ್ಮ ಕನ್ನಡದವರಲ್ಲಿ ಆಸಕ್ತಿ ಇರುವವರು ಬಿಲ್ಲಿನಿಂದ ಶುರು ಮಾಡುವುದಕ್ಕೆ ಒಂದು ಕಾರಣವೂ ಇದೆ. ವೀಸಾದ ಮೇಲೆ ಇರುವವರಿಗೆ ಬಂದೂಕಿನ ವಿಷಯದಲ್ಲಿ ಫೆಡರಲ್ ಕಾನೂನಿನ ತೊಡಕುಗಳಿವೆ, ಬಿಲ್ಲು ಆ ಕಾನೂನಿನ ಲೆಕ್ಕದಲ್ಲಿ ಬಂದೂಕಲ್ಲ. ಆದರೆ ಲೈಸೆನ್ಸ್ ಬೇಕೇ ಬೇಕು, 1960ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ಸುರಕ್ಷತಾ ತರಬೇತಿಯನ್ನೂ ಮುಗಿಸಿರಬೇಕು. ಊರಿನಲ್ಲಿ ಇದನ್ನು ಓದುತ್ತಿರುವವರಿಗೆ ಹೇಳುವುದೇನೂ ಜಾಸ್ತಿ ಇಲ್ಲ: 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಲ್ಲಿ ಜಿಂಕೆ ಬೇಟೆ ಅಪರಾಧ. ಗುರಿ ಹೊಡೆಯುವ ಆಟಕ್ಕಾಗಿ ಬಿಲ್ಲು ಹಿಡಿದವರಿಗೆ ಇಲ್ಲಿನ ಕೆಲವು ಮಾತು ಉಪಯೋಗಕ್ಕೆ ಬರಬಹುದು, ಅಷ್ಟೇ.

ಈಗ ವಿಷಯಕ್ಕೆ ಬರೋಣ. ರೆಸ್ಟ್ ಆರಿಸುವಾಗ ಎಲ್ಲರೂ ಕೇಳುವ ಪ್ರಶ್ನೆ "ಯಾವುದರಲ್ಲಿ ಗುರಿ ಚೆನ್ನಾಗಿ ಸಿಗುತ್ತದೆ?" ಎಂಬುದು. ಬೇಟೆಗೆ ಆ ಪ್ರಶ್ನೆ ಅಷ್ಟು ಮುಖ್ಯವಲ್ಲ. ವೈಟ್‌ಟೇಲ್ ಬೇಟೆಯಲ್ಲಿ ಸಾಮಾನ್ಯವಾಗಿ 30 ಗಜದ ಒಳಗೇ ಬಾಣ ಬಿಡುತ್ತೇವೆ. ಆ ದೂರದಲ್ಲಿ ಸರಿಯಾಗಿ ಕೂರಿಸಿದ ಯಾವ ರೆಸ್ಟ್ ಆದರೂ ಜಿಂಕೆಯ ಎದೆಗೂಡಿನ ಜಾಗಕ್ಕೆ ಬಾಣ ಮುಟ್ಟಿಸುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ: ಇದು ಕೈಕೊಟ್ಟರೆ ಹೇಗೆ ಕೈಕೊಡುತ್ತದೆ? ಅಂಗಳದಲ್ಲಿ ಅಭ್ಯಾಸ ಮಾಡುವಾಗ ಬಾಣ ಇಟ್ಟ ಅರ್ಧ ನಿಮಿಷದಲ್ಲಿ ಬಿಡುತ್ತೀರಿ. ಕಾಡಿನಲ್ಲಿ ಹಾಗಲ್ಲ. ಮರದ ಮೇಲಿನ ಅಟ್ಟಣೆಯಲ್ಲಿ ಬೆಳಗಿನ ಜಾವ ಕೂತು, ಹೆದೆಗೆ ಬಾಣ ಸಿಕ್ಕಿಸಿ, ಬಿಲ್ಲನ್ನು ಕೊಕ್ಕೆಗೆ ನೇತುಹಾಕಿ ಮೂರು ನಾಲ್ಕು ಗಂಟೆ ಕಾಯಬೇಕು. ಮಳೆ ಬರುತ್ತದೆ. ಮೈ ನಡುಗುತ್ತದೆ. ಕೊನೆಗೆ ಜಿಂಕೆ ಬಂದಾಗ, ದಪ್ಪ ಜಾಕೆಟ್ ಹಾಕಿಕೊಂಡು, ಸೊಂಟ ತಿರುಗಿಸಿ, ಬಿಲ್ಲು ವಾಲಿಸಿ ಎಳೆಯಬೇಕು, ಎಷ್ಟೋ ಸಲ ಎಳೆದ ಮೇಲೆ ಜಿಂಕೆ ಮರದ ಮರೆಗೆ ಹೋಗಿ ಬಾಣ ಬಿಡದೆಯೇ ನಿಧಾನಕ್ಕೆ ವಾಪಸ್ ಇಳಿಸಬೇಕು. ಈ ಹೊತ್ತಿನಲ್ಲೆಲ್ಲ ಬಾಣ ತನ್ನ ಜಾಗದಲ್ಲಿ ಸದ್ದಿಲ್ಲದೆ ಇರಬೇಕು. ಇರದಿದ್ದರೆ ಒಂದೋ ಜಿಂಕೆ ಓಡಿಹೋಗುತ್ತದೆ, ಅದು ಪರವಾಗಿಲ್ಲ. ಇಲ್ಲವೇ ಬಾಣ ತಪ್ಪು ಜಾಗಕ್ಕೆ ಬಿದ್ದು ಪ್ರಾಣಿ ಗಾಯಗೊಂಡು ನರಳುತ್ತದೆ. ಅದು ಪರವಾಗಿಲ್ಲ ಅನ್ನುವ ಮಾತಲ್ಲ. ರೆಸ್ಟ್ ಬಗ್ಗೆ ನಾನು ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಅದಕ್ಕೇ.

ಬೆರಳಿನಿಂದ ಬಿಡುತ್ತೀರೋ, ರಿಲೀಸ್‌ನಿಂದಲೋ?

ಅಂಗಡಿಯ ಗೋಡೆ ತುಂಬ ನೇತಾಡುವ ರೆಸ್ಟ್‌ಗಳಲ್ಲಿ ಅರ್ಧದಷ್ಟನ್ನು ಈ ಒಂದು ಪ್ರಶ್ನೆಯೇ ಪಕ್ಕಕ್ಕೆ ಸರಿಸುತ್ತದೆ. ಬೆರಳಿನಿಂದ ಹೆದೆ ಬಿಟ್ಟಾಗ ಹೆದೆ ಬೆರಳನ್ನು ಸುತ್ತಿಕೊಂಡು ಪಕ್ಕಕ್ಕೆ ಜರುಗಿ ಮುಂದೆ ಹೋಗುತ್ತದೆ. ಹಾಗಾಗಿ ಬಾಣ ಎಡಕ್ಕೂ ಬಲಕ್ಕೂ ಬಳುಕುತ್ತದೆ. ಅದಕ್ಕೆ ಪಕ್ಕದಿಂದ ಆಸರೆ ಬೇಕು. ಕೈಗೆ ಕಟ್ಟಿಕೊಳ್ಳುವ ಟ್ರಿಗರ್ ರಿಲೀಸ್ ಬಳಸಿದರೆ ಹೆದೆ ಹೆಚ್ಚುಕಡಿಮೆ ನೇರವಾಗಿ ಮುಂದೆ ಹೋಗುತ್ತದೆ, ಬಾಣದ ಬಳುಕು ಮೇಲೆ ಕೆಳಗೆ ಆಗುತ್ತದೆ. ಆಗ ಕೆಳಗಿನಿಂದ ಆಸರೆ ಬೇಕು. ಇವತ್ತಿನ ಹೆಚ್ಚಿನ ಬೇಟೆ ರೆಸ್ಟ್‌ಗಳೆಲ್ಲ ಎರಡನೆಯ ಗುಂಪಿನವರಿಗೆ ಮಾಡಿದಂಥವು.

ಇದಕ್ಕೆ ಹಿನ್ನೆಲೆಯೂ ಇದೆ. ಮಿಸೌರಿಯ ಹೊಲಿಸ್ ವಿಲ್ಬರ್ ಆ್ಯಲನ್ ಅವರಿಗೆ ತುದಿಗಳಲ್ಲಿ ಚಕ್ರಗಳಿರುವ ಕಾಂಪೌಂಡ್ ಬಿಲ್ಲಿನ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಅದಕ್ಕೂ ಮುಂಚೆ ಬೇಟೆಗಾರರ ಕೈಯಲ್ಲಿ ಇದ್ದಿದ್ದು ಚಕ್ರಗಳಿಲ್ಲದ ಹಳೆಯ ಬಗೆಯ ಬಿಲ್ಲುಗಳಾದ ರಿಕರ್ವ್ ಮತ್ತು ಲಾಂಗ್‌ಬೋ. ಬಾಣ ಕೂರುತ್ತಿದ್ದಿದ್ದು ಬಿಲ್ಲಿನ ಹಿಡಿಯ ಮೇಲೆ ಕೊರೆದ ಕಟ್ಟೆಯ ಮೇಲೆ. ಚಕ್ರಗಳ ಬಿಲ್ಲು ಬಂದು, ಎಳೆದು ಹಿಡಿದಾಗ ಭಾರ ಕಡಿಮೆಯಾಗಿ, ರಿಲೀಸ್ ಬಳಕೆ ಹೆಚ್ಚಾದ ಮೇಲೆ ರೆಸ್ಟ್ ಕೂಡ ಪೂರ್ತಿ ಬೇರೆ ರೂಪ ಪಡೆಯಿತು.

ರಿಕರ್ವ್ ಅಥವಾ ಲಾಂಗ್‌ಬೋದಲ್ಲಿ ಬೆರಳಿನಿಂದಲೇ ಬೇಟೆ ಮಾಡುತ್ತೇನೆ ಅನ್ನುವವರಿಗೆ ಎರಡು ದಾರಿ. ಒಂದು, ಆ ಕಟ್ಟೆಯ ಮೇಲೇ ಚರ್ಮದ ತುಂಡೋ ರೋಮದ ಪಟ್ಟಿಯೋ ಅಂಟಿಸಿ ಹೊಡೆಯುವುದು. ಇದರಲ್ಲಿ ಮುರಿಯುವಂಥದ್ದು ಏನೂ ಇಲ್ಲ, ನನಗೆ ಇದರ ಮೇಲೆ ತುಂಬಾ ಗೌರವ. ಆದರೆ ಬಾಣಕ್ಕೆ ನಿಜವಾದ ಗರಿಯೇ ಬೇಕು. ಗರಿ ಕಟ್ಟೆಗೆ ತಗುಲಿದರೆ ಮಡಚಿಕೊಂಡು ಹೋಗುತ್ತದೆ, ಗರಿಯ ಬದಲು ಅಂಟಿಸುವ ಪ್ಲಾಸ್ಟಿಕ್ ವೇನ್ ತಗುಲಿದರೆ ಬಾಣವನ್ನೇ ಪಕ್ಕಕ್ಕೆ ಒದೆಯುತ್ತದೆ. ಇನ್ನೊಂದು, ಅಂಟಿಸುವ ಸಣ್ಣ ರೆಸ್ಟ್. ಬೇರ್ ಕಂಪನಿಯ ವೆದರ್‌ರೆಸ್ಟ್, ಹಾಯ್ಟ್ ಕಂಪನಿಯ ಸೂಪರ್ ರೆಸ್ಟ್ ಇಂಥವು. ಕೆಲವೇ ಡಾಲರ್ ಬೆಲೆ. ಬಾಣ ಕಟ್ಟೆಯಿಂದ ಸ್ವಲ್ಪ ಮೇಲೆ ಇರುವುದರಿಂದ ಮಳೆಗಾಲಕ್ಕೆ ಪ್ಲಾಸ್ಟಿಕ್ ವೇನ್ ಕೂಡ ನಡೆಯುತ್ತದೆ. ಕೈಕೊಡುವುದು ಅಂಟು. ಒಂದು ಹೆಚ್ಚುವರಿ ರೆಸ್ಟ್ ಜೇಬಿನಲ್ಲಿರಲಿ. ಕಾಂಪೌಂಡನ್ನು ಬೆರಳಿನಿಂದ ಬಿಡುವವರು ಈಗ ಕಡಿಮೆ, ಅಂಥವರಿಗೆ ಸ್ಪ್ರಿಂಗ್ ಕಡ್ಡಿಯ ಫ್ಲಿಪ್ಪರ್ ರೆಸ್ಟ್ ಜೊತೆಗೆ ಪಕ್ಕದಿಂದ ಒತ್ತುವ ಪ್ಲಂಜರ್ ಬಟನ್ ಇವತ್ತಿಗೂ ಒಳ್ಳೆಯ ಜೋಡಿ.

ಇಲ್ಲಿಂದ ಮುಂದೆ ಕಾಂಪೌಂಡ್ ಮತ್ತು ರಿಲೀಸ್ ಬಳಸುವವರ ಮಾತು.

ಬಿಸ್ಕೆಟ್

ವಿಸ್ಕರ್ ಬಿಸ್ಕೆಟ್ ಅಂತ ಅದರ ಹೆಸರು, ಈಗ ಟ್ರೋಫಿ ರಿಡ್ಜ್ ಕಂಪನಿಯದ್ದು. ಒಂದು ದುಂಡನೆ ಚೌಕಟ್ಟು, ಅದರೊಳಗೆ ಬಾಟಲಿ ತೊಳೆಯುವ ಬ್ರಷ್ಷಿನಂಥ ಬಿರುಸು ಎಳೆಗಳು, ನಡುವೆ ಬಾಣ ಹಿಡಿಸುವಷ್ಟೇ ತೂತು. ಪಕ್ಕದ ಸೀಳಿನಿಂದ ಬಾಣವನ್ನು ಒಳಗೆ ತಳ್ಳಿದರೆ ಮುಗಿಯಿತು. ಬಿಲ್ಲನ್ನು ತಲೆಕೆಳಗು ಮಾಡಿದರೂ ಬಾಣ ಬೀಳುವುದಿಲ್ಲ. ಹಗ್ಗವಿಲ್ಲ, ಅಲ್ಲಾಡುವ ಭಾಗವಿಲ್ಲ, ಹೊಂದಿಸುವುದೂ ಸುಲಭ. ಬೇಟೆಗೆ ಸಿದ್ಧ ಎಂದು ಪ್ಯಾಕೇಜಿನಲ್ಲಿ ಮಾರುವ ಬಿಲ್ಲುಗಳಲ್ಲಿ ಇದೇ ಹೆಚ್ಚಾಗಿ ಬರುವುದಕ್ಕೆ ಕಾರಣವೂ ಅದೇ.

ಇದನ್ನು ಕೆಲವರು ಕಲಿಯುವವರ ರೆಸ್ಟ್ ಅಂತ ಕೀಳಾಗಿ ನೋಡುತ್ತಾರೆ. ನಾನು ಒಪ್ಪುವುದಿಲ್ಲ. ಮರದ ಮೇಲೆ ಕೂತು 20 ಗಜದಲ್ಲಿ ಹೊಡೆಯುವವರಿಗೆ ಇದಕ್ಕಿಂತ ನಂಬಿಕೆಯ ವಸ್ತು ಸಿಗುವುದು ಕಷ್ಟ. ಆದರೆ ಇದಕ್ಕೆ ಕೊಡಬೇಕಾದ ಬೆಲೆಯೂ ಇದೆ, ಅದನ್ನು ತಿಳಿದುಕೊಂಡೇ ಕೊಳ್ಳಬೇಕು. ಬಾಣದ ವೇನ್‌ಗಳು ಪ್ರತಿ ಸಲವೂ ಆ ಎಳೆಗಳನ್ನು ಸೀಳಿಕೊಂಡೇ ಹೋಗಬೇಕು. ಅದರಿಂದ ವೇಗ ಸೆಕೆಂಡಿಗೆ ಕೆಲವು ಅಡಿ ಕಡಿಮೆಯಾಗುತ್ತದೆ. ಜಿಂಕೆಗೆ ಅದು ಗೊತ್ತಾಗುವುದಿಲ್ಲ, ಬಿಡಿ. ವೇನ್ ಸವೆಯುವುದು ನಿಜವಾದ ತೊಂದರೆ. ಗಿಡ್ಡ, ಗಟ್ಟಿ ವೇನ್ ಇದ್ದರೆ ತಾಳುತ್ತದೆ. ನಮ್ಮ ಮಿಶಿಗನ್‌ನ ಲೇಕ್ ಸಿಟಿಯಲ್ಲಿರುವ ಬೋನಿಂಗ್ ಕಂಪನಿಯ 2 ಇಂಚಿನ ಬ್ಲೇಜರ್ ವೇನ್ ಬಿಸ್ಕೆಟ್ ಜೊತೆ ಚೆನ್ನಾಗಿ ಹೊಂದುತ್ತದೆ. ಉದ್ದದ ಮೆತ್ತನೆ ವೇನ್ ಸುಕ್ಕಾಗುತ್ತದೆ, ಬಿಸಿನೀರಿಗೆ ಹಿಡಿದರೆ ಸ್ವಲ್ಪ ನೆಟ್ಟಗಾಗುತ್ತದೆ ನಿಜ, ಆದರೆ ಎಷ್ಟು ಸಲ ಅಂತ ಹಿಡಿಯುತ್ತೀರಿ? ಗರಿ ಹಾಕಿದ ಬಾಣಕ್ಕಂತೂ ಬಿಸ್ಕೆಟ್ ಬೇಡವೇ ಬೇಡ.

ಇದು ಕೈಕೊಡುವುದು ನಿಧಾನವಾಗಿ. ಬಾಣದ ಭಾರ ಹೊರುವ ಕೆಳಗಿನ ಎಳೆಗಳು ಹೊಡೆದಂತೆಲ್ಲ ಸವೆಯುತ್ತವೆ, ಬಾಣ ಕೂದಲೆಳೆಯಷ್ಟು ಕೆಳಗೆ ಕೂರುತ್ತದೆ, ಗುರಿ ಬದಲಾಗುತ್ತದೆ. ದಿನವೂ ನೋಡುವವರಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ತೂತು ಒಂದು ಕಡೆ ದೊಡ್ಡದಾಗಿದೆ ಅನಿಸಿದ ತಕ್ಷಣ ಒಳಗಿನ ಬಿಸ್ಕೆಟ್ ಮಾತ್ರ ಬದಲಾಯಿಸಿ, ಪೂರ್ತಿ ರೆಸ್ಟ್ ಕೊಳ್ಳಬೇಕಾಗಿಲ್ಲ. ಕೊಳ್ಳುವಾಗ ಬಾಣದ ದಪ್ಪ ಹೇಳಿ ಅಳತೆ ನೋಡಿ ತೆಗೆದುಕೊಳ್ಳಿ. ತೆಳ್ಳನೆ ಬಾಣವನ್ನು ದೊಡ್ಡ ತೂತಿನ ಬಿಸ್ಕೆಟ್‌ನಲ್ಲಿ ಇಟ್ಟರೆ ಗಡಗಡ ಅಲ್ಲಾಡುತ್ತದೆ.

ಇನ್ನೊಂದು ಕೊರತೆ ಚಳಿಯದ್ದು. ಮಳೆ ಬಂದು ಹಿಂದೆಯೇ ತಾಪಮಾನ ಸೊನ್ನೆಗಿಂತ ಕೆಳಗೆ ಇಳಿದರೆ ಎಳೆಗಳ ನಡುವೆ ಮಂಜು ಕಟ್ಟುತ್ತದೆ. ಆಗ ಎಳೆಯುವಾಗ ಕರಕರ ಸದ್ದು ಬರುತ್ತದೆ. ಅಕ್ಟೋಬರ್‌ನಲ್ಲಿ ಇದು ಲೆಕ್ಕಕ್ಕಿಲ್ಲ. ಡಿಸೆಂಬರ್‌ನಲ್ಲಿ ಕೂರುವವರು ಆಗಾಗ ಬೆರಳಿನಿಂದ ಎಳೆಗಳನ್ನು ಸವರುತ್ತಿರಬೇಕು. ಜೊತೆಗೆ, ಬಾಣ ಬಿಲ್ಲನ್ನು ಬಿಡುವವರೆಗೂ ಬಿಸ್ಕೆಟ್ ಅದನ್ನು ಹಿಡಿದೇ ಇರುವುದರಿಂದ ನಿಮ್ಮ ಮಣಿಕಟ್ಟು ಸ್ವಲ್ಪ ತಿರುಚಿದರೂ ಅದು ಬಾಣಕ್ಕೆ ಜಾಸ್ತಿ ತಟ್ಟುತ್ತದೆ. 20 ಗಜದಲ್ಲಿ ಅದು ಒಂದು ಇಂಚು ಇರಬಹುದು, 50 ಗಜದಲ್ಲಿ ಆ ಲೆಕ್ಕವೇ ಬೇರೆ.

ಡ್ರಾಪ್-ಅವೇ

ಹೆಸರೇ ಹೇಳುವಂತೆ, ಇದರಲ್ಲಿ ಬಾಣವನ್ನು ಹೊರುವ ಕವಲು ಬಾಣ ಬಿಟ್ಟ ಕೂಡಲೇ ಕೆಳಗೆ ಬಿದ್ದುಬಿಡುತ್ತದೆ. ಹಿಂದಿನಿಂದ ಬರುವ ವೇನ್‌ಗಳಿಗೆ ಏನೂ ತಗಲುವುದಿಲ್ಲ. ಗರಿ, ಉದ್ದದ ವೇನ್, ನಾಲ್ಕು ವೇನ್, ತಿರುಪಿನಂತೆ ವಾರೆಯಾಗಿ ಅಂಟಿಸಿದ್ದು, ಏನು ಬೇಕಾದರೂ ಹಾಕಿಕೊಳ್ಳಿ. ಅಲುಗು ಬಿಚ್ಚಿಕೊಂಡೇ ಇರುವ ದೊಡ್ಡ ಬ್ರಾಡ್‌ಹೆಡ್ (ಬೇಟೆಗೆ ಬಳಸುವ ಹರಿತವಾದ ಬಾಣದ ಮೊನೆ) ಹಾಕುವವರಿಗೆ ಇದು ದೊಡ್ಡ ಅನುಕೂಲ. ಅಂಥ ಅಲುಗು ಗಾಳಿಯಲ್ಲಿ ಬಾಣದ ಮೂತಿಯನ್ನು ಎಳೆದಾಡುತ್ತದೆ, ಅದನ್ನು ನೇರ ಮಾಡಲು ಹಿಂದೆ ಬಲವಾದ ವೇನ್ ಬೇಕಾಗುತ್ತದೆ.

ಈಗ ಎಲ್ಲರೂ ಡ್ರಾಪ್-ಅವೇ ಅಂದರೆ ಒಂದೇ ವಸ್ತು ಅನ್ನುವ ಹಾಗೆ ಮಾತಾಡುತ್ತಾರೆ. ಅಲ್ಲ. ಕವಲನ್ನು ಮೇಲೆತ್ತುವುದು ಯಾವುದು ಎಂಬುದರ ಮೇಲೆ ಮೂರು ಬಗೆ, ಮೂರೂ ಕೈಕೊಡುವ ರೀತಿ ಬೇರೆ ಬೇರೆ. ದುಡ್ಡು ಹಾಕುವ ಮುಂಚೆ ಅರ್ಥ ಮಾಡಿಕೊಳ್ಳಬೇಕಾದ ಜಾಗ ಇದೇ.

ಹಳೆಯ ಸರಳ ಬಗೆ ಕೇಬಲ್‌ನದ್ದು. ಹೆದೆ ಎಳೆದಾಗ ಕಾಂಪೌಂಡಿನ ಚಕ್ರಗಳಿಗೆ ಜೋಡಿಸಿದ ಒಂದು ಕೇಬಲ್ ಕೆಳಗೆ ಜರುಗುತ್ತದೆ. ಅದಕ್ಕೊಂದು ಸಣ್ಣ ಹುರಿ ಕಟ್ಟಿ ರೆಸ್ಟ್‌ಗೆ ಜೋಡಿಸಿರುತ್ತಾರೆ. ಕೇಬಲ್ ಇಳಿದಂತೆ ಹುರಿ ಎಳೆದು ಕವಲು ಮೇಲೇಳುತ್ತದೆ, ಬಾಣ ಬಿಟ್ಟಾಗ ಕೇಬಲ್ ವಾಪಸ್ ಹೋಗಿ ಹುರಿ ಸಡಿಲವಾಗಿ ಸ್ಪ್ರಿಂಗ್ ಕವಲನ್ನು ಕೆಳಗೆ ಎಳೆದುಕೊಳ್ಳುತ್ತದೆ. ಟ್ರೋಫಿ ಟೇಕರ್ ಹೆಸರಿನ ರೆಸ್ಟ್‌ಗಳು ಈ ಬಗೆಯವು. ಎಳೆತದ ಕೊನೆಯ ಒಂದೆರಡು ಇಂಚಿನಲ್ಲಿ ಕವಲು ಪೂರ್ತಿ ಮೇಲೆ ಬರುವ ಹಾಗೆ ಹುರಿಯ ಉದ್ದ ಹೊಂದಿಸಬೇಕು. ಅಂದರೆ ಎಳೆತದ ಬಹುಪಾಲು ಹೊತ್ತು ಬಾಣ ಬಿಲ್ಲಿನ ಕಟ್ಟೆಯ ಮೇಲೆ ಉಜ್ಜಿಕೊಂಡು ಬರುತ್ತದೆ. ಅಲ್ಲಿ ಮೆತ್ತನೆ ಬಟ್ಟೆ ಅಂಟಿಸದಿದ್ದರೆ ಆ ಸದ್ದು 20 ಗಜದಲ್ಲಿರುವ ಜಿಂಕೆಗೆ ಕೇಳಿಸಿಯೇ ಕೇಳಿಸುತ್ತದೆ. ಹುರಿ ಜಾರಿದರೆ ಅಥವಾ ತುಂಡಾದರೆ ಕವಲು ಮೇಲೆ ಬರುವುದೇ ಇಲ್ಲ. ಬಾಣ ಕಟ್ಟೆಯ ಮೇಲೇ ಮಲಗಿರುತ್ತದೆ. ನೀವು ಜಿಂಕೆಯನ್ನೇ ನೋಡುತ್ತಿರುವಾಗ ಅದು ಗಮನಕ್ಕೆ ಬಾರದೆ ಹೋದರೆ ಬಾಣ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಈಗ ಹೊಸದಾಗಿ ಇದನ್ನು ಕೊಳ್ಳುವುದು ಬೇಡ ಅನ್ನುತ್ತೇನೆ.

ಎರಡನೆಯದು ಕೇಬಲ್‌ನದ್ದೇ, ಆದರೆ ಬೀಗ ಇರುವಂಥದ್ದು. ವರ್ಜೀನಿಯಾದ ಕ್ಯೂಎಡಿ ಕಂಪನಿಯ ಅಲ್ಟ್ರಾರೆಸ್ಟ್ ಎಚ್‌ಡಿಎಕ್ಸ್ ಇದರಲ್ಲಿ ತುಂಬಾ ಹೆಸರಾದದ್ದು. ಮರದ ಮೇಲೆ ಕೂತ ತಕ್ಷಣ ಹೆಬ್ಬೆರಳಿನಿಂದ ಕವಲನ್ನು ಮೇಲೆತ್ತಿ ನಿಲ್ಲಿಸಿಬಿಡಬಹುದು. ಮೇಲುಗಡೆ ಒಂದು ಕಂಬಿ ಇದೆ, ಬಾಣ ಕವಲು ಮತ್ತು ಕಂಬಿಯ ನಡುವೆ ಬಂಧಿ. ಎಳೆದು ಬಾಣ ಬಿಡದೆ ನಿಧಾನಕ್ಕೆ ವಾಪಸ್ ಇಳಿಸಿದರೂ ಕವಲು ಬೀಳುವುದಿಲ್ಲ. ನಿಜವಾಗಿ ಬಾಣ ಬಿಟ್ಟಾಗ ಮಾತ್ರ ಬೀಳುತ್ತದೆ. ಮರದ ಮೇಲಿನ ಬೇಟೆಗೆ ಈ ಒಂದು ಗುಣ ಎಷ್ಟು ದೊಡ್ಡದು ಎಂಬುದು, ಜಿಂಕೆ ಎದುರಿಗೇ ನಿಂತಿರುವಾಗ ಬಿಲ್ಲು ಇಳಿಸಿ ಮತ್ತೆ ಎಳೆಯಬೇಕಾಗಿ ಬಂದವರಿಗೆ ಗೊತ್ತು. ಬಿಸ್ಕೆಟ್‌ನ ಭದ್ರತೆ ಮತ್ತು ಡ್ರಾಪ್-ಅವೇಯ ಸ್ವಚ್ಛ ಹಾರಾಟ ಎರಡೂ ಒಂದರಲ್ಲೇ. ಕೊರತೆ ಅಂದರೆ ಒಳಗೆ ಯಂತ್ರದ ಭಾಗಗಳು ಜಾಸ್ತಿ, ಹುರಿಯ ಬಿಗಿ ಸರಿಯಾಗಿರಬೇಕು, ಕವಲು ಮೇಲೆತ್ತುವಾಗ ಅವಸರ ಮಾಡಿದರೆ ಟಿಕ್ ಅನ್ನುತ್ತದೆ. ಕತ್ತಲಿರುವಾಗಲೇ, ಕೂತ ಕೂಡಲೇ ಎತ್ತಿಟ್ಟುಕೊಂಡರೆ ಆ ತೊಂದರೆ ಇಲ್ಲ.

ಮೂರನೆಯದು ಲಿಂಬ್‌ನಿಂದ, ಅಂದರೆ ಬಿಲ್ಲಿನ ಬಾಗುವ ತೋಳಿನಿಂದ ನಡೆಯುವುದು. ವೇಪರ್ ಟ್ರೇಲ್ ಕಂಪನಿಯ ಲಿಂಬ್ ಡ್ರೈವರ್, ಹ್ಯಾಮ್‌ಸ್ಕೀ ಕಂಪನಿಯ ರೆಸ್ಟ್‌ಗಳು ಇದರಲ್ಲಿ ಬರುತ್ತವೆ. ಇದರ ಲೆಕ್ಕ ತಿರುಗುಮುರುಗು. ಸ್ಪ್ರಿಂಗ್ ಕವಲನ್ನು ಸದಾ ಮೇಲಕ್ಕೆ ತಳ್ಳುತ್ತಿರುತ್ತದೆ, ಬಿಲ್ಲಿನ ಲಿಂಬ್‌ಗೆ ಕಟ್ಟಿದ ಹುರಿ ಅದನ್ನು ಕೆಳಗೆ ಹಿಡಿದಿಟ್ಟಿರುತ್ತದೆ. ಎಳೆದಾಗ ಲಿಂಬ್ ಬಾಗಿ ಹುರಿ ಸಡಿಲವಾಗುತ್ತದೆ, ಕವಲು ಬೇಗನೆ ಮೇಲೇಳುತ್ತದೆ. ಬಾಣ ಬಿಟ್ಟಾಗ ಲಿಂಬ್ ನೆಟ್ಟಗಾಗಿ ಹುರಿ ಬಿಗಿದು ಕವಲು ಕೆಳಗೆ. ಇದರಿಂದ ಎರಡು ಲಾಭ. ಕೇಬಲ್ ಮೇಲೆ ಯಾವ ಎಳೆತವೂ ಬೀಳುವುದಿಲ್ಲ. ಬಾಣ ಮುಂದೆ ಹೋಗುವಾಗ ಆಸರೆ ಜಾಸ್ತಿ ಹೊತ್ತು ಸಿಗುತ್ತದೆ, ಹಾಗಾಗಿ ಬಿಡುವಾಗಿನ ಸಣ್ಣಪುಟ್ಟ ತಪ್ಪು ಇದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ನನಗೆ ತುಂಬಾ ಇಷ್ಟವಾಗುವುದು ಇದು ಕೈಕೊಡುವ ರೀತಿ. ಕಾಡಿನಲ್ಲಿ ಕೊಂಬೆಗೆ ಸಿಕ್ಕಿ ಹುರಿ ಹರಿದರೂ ಕವಲು ಮೇಲೆಯೇ ನಿಂತಿರುತ್ತದೆ. ಬಾಣ ಬಿಟ್ಟರೆ ವೇನ್ ತಗುಲಬಹುದು, ಆದರೆ ಬಾಣ ಹೆಚ್ಚುಕಡಿಮೆ ಗುರಿಯ ಕಡೆಗೇ ಹೋಗುತ್ತದೆ. ಕೇಬಲ್ ಬಗೆಯಲ್ಲಿ ಹುರಿ ಹೋದರೆ ಬಾಣಕ್ಕೆ ಆಸರೆಯೇ ಇಲ್ಲ. ಇದರಲ್ಲಿ ಆಸರೆ ಉಳಿಯುತ್ತದೆ. ದೂರದ ಕಾಡಿಗೆ ಹೋಗುವವರಿಗೆ, ಕೊಲರಾಡೊದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಬೆಟ್ಟ ಹತ್ತುವವರಿಗೆ, ಹತ್ತಿರದಲ್ಲಿ ಅಂಗಡಿಯೇ ಇಲ್ಲದ ಕಡೆ ಹೋಗುವವರಿಗೆ ಇದೇ ಸರಿ.

ಆದರೆ ಇದರಲ್ಲಿ ಬಿಲ್ಲು ಇಳಿಸಿದರೆ ಕವಲೂ ಇಳಿಯುತ್ತದೆ. ಬಾಣ ಅದರ ಜೊತೆ ಮೆತ್ತಗೆ ಇಳಿದು ತೊಟ್ಟಿಲಿನಲ್ಲಿ ಕೂರುತ್ತದೆ, ಮೇಲೆ ಕಂಬಿ ಇರುವ ಮಾದರಿ ಕೊಂಡರೆ ಹೊರಗೆ ಜಾರುವುದಿಲ್ಲ. ಕಂಬಿ ಇಲ್ಲದ ಮಾದರಿ ಗುರಿ ಹೊಡೆಯುವ ಸ್ಪರ್ಧೆಗೆ ಸಾಕು, ಬೇಟೆಗೆ ಬೇಡ. ಹುರಿ ಸ್ವಲ್ಪ ಉದ್ದವಾದರೂ ಕವಲು ತಡವಾಗಿ ಬಿದ್ದು ವೇನ್‌ಗೆ ತಗಲುತ್ತದೆ ಎಂಬುದೂ ನೆನಪಿರಲಿ.

ಬೆಲೆಯ ವಿಷಯ: ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸ ಇದ್ದರೂ, ಬಿಸ್ಕೆಟ್ 100 ಡಾಲರಿನ ಒಳಗೆ ಸಿಗುತ್ತದೆ, ಒಳ್ಳೆಯ ಡ್ರಾಪ್-ಅವೇಗೆ ಅದರ ಎರಡರಷ್ಟು, ಕೆಲವಕ್ಕೆ ಇನ್ನೂ ಜಾಸ್ತಿ ಆಗುತ್ತದೆ.

ಎರಡು ಕಡ್ಡಿಗಳ ನಡುವೆ ಬಾಣ ಕೂರುವ ಹಳೆಯ ಕವಲು ರೆಸ್ಟ್ ಈಗಲೂ ಸಿಗುತ್ತದೆ. ಗುರಿ ಹೊಡೆಯುವವರು ಬಳಸುವ ತೆಳ್ಳನೆ ಉಕ್ಕಿನ ಪಟ್ಟಿಯ ಬ್ಲೇಡ್ ರೆಸ್ಟ್ ಕೂಡ ಇದೆ. ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆದರೆ ಬಿಲ್ಲು ಸ್ವಲ್ಪ ವಾಲಿಸಿದರೂ ಬಾಣ ಕೆಳಗೆ. ನಡುಗುವ ಕೈಯಲ್ಲಿ, ಅಟ್ಟಣೆಯ ಮೇಲೆ, ಕಬ್ಬಿಣದ ಮೆಟ್ಟಿಲಿಗೆ ಬಾಣ ಠಣ್ ಅಂತ ಬಡಿದರೆ ಆ ದಿನ ಮುಗಿದಂತೆ. ಬೇಟೆಗೆ ಇವು ಬೇಡ.

ಸದ್ದಿನ ಲೆಕ್ಕ

ರೆಸ್ಟ್ ಸದ್ದು ಮಾಡಬಾರದು ಎಂದು ಎಲ್ಲರೂ ಹೇಳುತ್ತಾರೆ, ಯಾವ ಸದ್ದು ಎಂದು ಹೇಳುವುದಿಲ್ಲ. ಬಾಣ ಸೆಕೆಂಡಿಗೆ ಸುಮಾರು 270 ಅಡಿ ಹೋಗುತ್ತದೆ ಅಂದುಕೊಳ್ಳಿ, ಸದ್ದು ಸುಮಾರು 1,100 ಅಡಿ. 30 ಗಜ ಅಂದರೆ 90 ಅಡಿ. ಬಾಣಕ್ಕೆ ಸೆಕೆಂಡಿನ ಮೂರನೇ ಒಂದು ಭಾಗ ಬೇಕು, ಸದ್ದು ಅದರ ಕಾಲು ಭಾಗದ ಸಮಯದಲ್ಲೇ ಮುಟ್ಟಿರುತ್ತದೆ. ಉಳಿದ ಕಾಲು ಸೆಕೆಂಡಿನಲ್ಲಿ ಬೆದರಿದ ಜಿಂಕೆ ಓಡಲು ಕಾಲು ಮಡಚಿ ಕೆಳಗೆ ಕುಸಿಯುತ್ತದೆ, ಬಾಣ ಬೆನ್ನಿನ ಮೇಲಿಂದ ಹಾದುಹೋಗುತ್ತದೆ ಅಥವಾ ಮೇಲೆ ತಗುಲುತ್ತದೆ. ಬಾಣ ಬಿಟ್ಟಾಗಿನ ಸದ್ದಿನಲ್ಲಿ ರೆಸ್ಟ್‌ನ ಪಾಲು ಸಣ್ಣದು, ಬಿಲ್ಲು ಮತ್ತು ಹೆದೆಯದ್ದೇ ಹೆಚ್ಚು. ಆದರೆ ಬಿಡುವ ಮುಂಚಿನ ಸದ್ದೆಲ್ಲ ರೆಸ್ಟ್‌ನದ್ದೇ: ಎಳೆಯುವಾಗಿನ ಉಜ್ಜಾಟ, ಕವಲಿಗೆ ಬಾಣ ತಾಗುವ ಟಕ್. ಜಿಂಕೆ ಆಗಲೇ ಎಚ್ಚರವಾಗಿದ್ದರೆ ಕುಸಿಯುವುದು ಇನ್ನೂ ಜೋರು. ಅದಕ್ಕೇ ಅಂಗಡಿಯಲ್ಲಿ ರೆಸ್ಟ್ ನೋಡುವಾಗ ಗದ್ದಲದ ನಡುವೆ ನೋಡಿ ಒಪ್ಪಬೇಡಿ. ಹೊರಗೆ ಶಾಂತವಾದ ಜಾಗಕ್ಕೆ ಹೋಗಿ, ನಿಮ್ಮದೇ ಬಾಣ ಇಟ್ಟು ನಿಧಾನಕ್ಕೆ ಎಳೆದು ಕಿವಿಗೊಡಿ. ಬಾಣ ತಗಲುವ ಜಾಗಕ್ಕೆಲ್ಲ ಫೆಲ್ಟ್ ಎಂಬ ಮೆತ್ತನೆ ಬಟ್ಟೆ ಅಂಟಿಸಿ. ಕಂಪನಿಯವರೇ ಅಂಟಿಸಿದ್ದು ಒಂದೆರಡು ಸೀಸನ್‌ನಲ್ಲಿ ಕಿತ್ತುಬರುತ್ತದೆ.

ಕೂರಿಸುವಾಗ

ನಿಮ್ಮ ಬಿಲ್ಲಿಗೆ ರೆಸ್ಟ್ ಹೇಗೆ ಕೂರುತ್ತದೆ ಎಂದು ಕೊಳ್ಳುವ ಮುಂಚೆಯೇ ನೋಡಿ. ಹೆಚ್ಚುಕಡಿಮೆ ಎಲ್ಲ ಕಾಂಪೌಂಡ್ ಬಿಲ್ಲುಗಳಲ್ಲಿ ಬರ್ಗರ್ ಹೋಲ್ ಅನ್ನುವ, ಒಳಗೆ ಸ್ಕ್ರೂ ತಿರುಪಿನ ಗೆರೆಗಳಿರುವ ತೂತು ಇರುತ್ತದೆ, ಹಳೆಯ ಬಗೆಯ ರೆಸ್ಟ್‌ಗಳೆಲ್ಲ ಅದಕ್ಕೆ ಸ್ಕ್ರೂ ಆಗುತ್ತವೆ. ಈಚಿನ ವರ್ಷಗಳಲ್ಲಿ ಮ್ಯಾಥ್ಯೂಸ್, ಹಾಯ್ಟ್ ಮುಂತಾದವರ ಹೊಸ ಬಿಲ್ಲುಗಳಲ್ಲಿ ರೈಸರ್‌ನ (ಬಿಲ್ಲಿನ ನಡುಭಾಗದ ಗಟ್ಟಿ ಚೌಕಟ್ಟಿನ) ಹಿಂಬದಿಯಲ್ಲೇ ಡವ್‌ಟೇಲ್ ಎಂಬ ಜಾರುವ ಜೋಡಣೆ ಕೊರೆದಿರುತ್ತಾರೆ, ಇಂಟಿಗ್ರೇಟ್ ಅನ್ನುವ ಜೋಡಣೆ. ಅದರಲ್ಲಿ ರೆಸ್ಟ್ ಜರುಗಿ ಕೂರುತ್ತದೆ, ತಿರುಗಿ ಹೋಗುವ ಭಯವಿಲ್ಲ, ಗಟ್ಟಿ. ಆದರೆ ಹಳೆಯ ಬಿಲ್ಲಿಗೆ ಆ ರೆಸ್ಟ್ ಬರುವುದಿಲ್ಲ. ಎಡಚರು ಎಡಗೈಯದ್ದೇ ಎಂದು ಬಾಯಿಬಿಟ್ಟು ಕೇಳಿ ಕೊಳ್ಳಬೇಕು, ಬಹಳಷ್ಟು ಮಾದರಿಗಳು ಎರಡು ಕೈಗೂ ಒಂದೇ ಅಲ್ಲ.

ಬಾಣದ ಉದ್ದವನ್ನೂ ನೋಡಿ. ಪೂರ್ತಿ ಎಳೆದಾಗ ಬಾಣ ರೆಸ್ಟ್‌ನಿಂದ ಕನಿಷ್ಠ ಒಂದು ಇಂಚಾದರೂ ಮುಂದಿರಬೇಕು. ಗಿಡ್ಡ ಬಾಣ ರೆಸ್ಟ್‌ನ ಹಿಂದಕ್ಕೆ ಜಾರಿ ಬಿದ್ದರೆ, ಆ ಹೊತ್ತಿನಲ್ಲಿ ಹೆದೆ ಬಿಟ್ಟರೆ, ಬಾಣ ನಿಮ್ಮ ಕೈಗೇ ನುಗ್ಗುತ್ತದೆ. ಮಕ್ಕಳಿಗೆ ಬಿಲ್ಲು ಕೊಡಿಸುವವರು ಇದನ್ನು ವರ್ಷವರ್ಷವೂ ನೋಡಬೇಕು. ಮಕ್ಕಳು ಬೆಳೆಯುತ್ತಾರೆ, ಬಾಣ ಬೆಳೆಯುವುದಿಲ್ಲ ಅಲ್ವಾ?

ಶುರುವಿಗೆ ಬಾಣ ಬರ್ಗರ್ ಹೋಲ್‌ನ ನೇರಕ್ಕೆ, ಹೆದೆಗೆ ಲಂಬವಾಗಿ ಕೂರುವ ಹಾಗೆ ಮಾಡಿ. ಆಮೇಲೆ ಚೌಕಟ್ಟಿಗೆ ಕಾಗದ ಕಟ್ಟಿ ಹತ್ತಿರದಿಂದ ಅದರ ಮೂಲಕ ಬಾಣ ಬಿಡಿ. ಬಾಣದ ಬಾಲ ಕಾಗದವನ್ನು ಮೇಲುಗಡೆ ಹರಿದಿದ್ದರೆ ರೆಸ್ಟ್ ಸ್ವಲ್ಪ ಮೇಲೆತ್ತಬೇಕು ಅಥವಾ ಬಾಣದ ಹಿಂತುದಿ ಹೆದೆಗೆ ಸಿಕ್ಕಿಕೊಳ್ಳುವ ಜಾಗ ಇಳಿಸಬೇಕು. ಎಷ್ಟು ಹೊಂದಿಸಿದರೂ ಹರಿದ ಗುರುತು ಬದಲಾಗುತ್ತಿಲ್ಲ ಅಂದರೆ ವೇನ್ ಎಲ್ಲೋ ತಗುಲುತ್ತಿದೆ ಎಂದೇ ತಿಳಿಯಿರಿ. ಅದನ್ನು ಹಿಡಿಯಲು ಕಾಲಿಗೆ ಹಾಕುವ ಪೌಡರ್ ಸ್ಪ್ರೇಯನ್ನು ವೇನ್ ಮತ್ತು ರೆಸ್ಟ್ ಮೇಲೆ ಹೊಡೆದು ಒಂದು ಬಾಣ ಬಿಡಿ, ತಗುಲಿದ ಜಾಗದಲ್ಲಿ ಪೌಡರ್ ಅಳಿಸಿರುತ್ತದೆ. ಡ್ರಾಪ್-ಅವೇಯಲ್ಲಿ ಹೀಗೆ ಗುರುತು ಕಂಡರೆ ಒಂದೋ ಕವಲು ತಡವಾಗಿ ಬೀಳುತ್ತಿದೆ, ಇಲ್ಲವೇ ಬಿದ್ದು ಪುಟಿದು ಮತ್ತೆ ಮೇಲೆ ಬರುತ್ತಿದೆ.

ಕೊನೆಯ ಪರೀಕ್ಷೆ ಬ್ರಾಡ್‌ಹೆಡ್‌ನದ್ದು. ಅಭ್ಯಾಸದ ಫೀಲ್ಡ್ ಪಾಯಿಂಟ್ ಮೊನೆ ಮತ್ತು ಬೇಟೆಯ ಬ್ರಾಡ್‌ಹೆಡ್ ಎರಡೂ 30 ಗಜದಲ್ಲಿ ಒಂದೇ ಜಾಗಕ್ಕೆ ಬೀಳಬೇಕು. ಬ್ರಾಡ್‌ಹೆಡ್ ಎಡಕ್ಕೆ ಬೀಳುತ್ತಿದ್ದರೆ ರೆಸ್ಟನ್ನು ಬಲಕ್ಕೆ ಜರುಗಿಸಿ, ಬಲಕ್ಕೆ ಬೀಳುತ್ತಿದ್ದರೆ ಎಡಕ್ಕೆ. ಒಂದು ಇಂಚಿನ ಮೂವತ್ತೆರಡನೇ ಒಂದು ಭಾಗದಷ್ಟು ಮಾತ್ರ ಒಂದು ಸಲಕ್ಕೆ. ಇಲ್ಲಿ ನೋಡಿ, ಗುರುತಿನ ಗೆರೆಗಳಿರುವ, ಸಣ್ಣ ಸ್ಕ್ರೂ ತಿರುಗಿಸಿದರೆ ನಿಧಾನವಾಗಿ ಜರುಗುವ ರೆಸ್ಟ್‌ಗೆ ಜಾಸ್ತಿ ದುಡ್ಡು ಕೊಟ್ಟಿದ್ದು ಸಾರ್ಥಕ ಅನಿಸುತ್ತದೆ. ಸುಮ್ನೆ ಸಡಿಲಿಸಿ ಕೈಯಿಂದ ತಳ್ಳುವ ರೆಸ್ಟ್‌ನಲ್ಲಿ ಈ ಕೆಲಸ ತಾಳ್ಮೆಯನ್ನೇ ತಿಂದುಹಾಕುತ್ತದೆ.

ಚಳಿಗಾಲದಲ್ಲಿ ಬಿಲ್ಲನ್ನು ಬೆಚ್ಚಗಿನ ಮನೆಯೊಳಗೆ ಇಟ್ಟು ನೇರವಾಗಿ ಕಾಡಿಗೆ ಒಯ್ಯಬೇಡಿ. ಬಿಸಿಗೂ ಚಳಿಗೂ ಓಡಾಡಿಸಿದರೆ ಲೋಹದ ಮೇಲೆ ಹನಿ ಕಟ್ಟಿ ಆಮೇಲೆ ಹೆಪ್ಪುಗಟ್ಟುತ್ತದೆ, ಡ್ರಾಪ್-ಅವೇಯ ಅಚ್ಚು ಅಂಟಿಕೊಳ್ಳಬಹುದು. ಗ್ಯಾರೇಜಿನಲ್ಲಿಡಿ. ದಪ್ಪ ಎಣ್ಣೆ ಹಾಕಬೇಡಿ, ಚಳಿಗೆ ಅದು ಗೋಂದಿನ ಹಾಗಾಗುತ್ತದೆ. ಅಟ್ಟಣೆ ಹತ್ತಿದ ಮೇಲೆ, ಬಾಣ ಇಡುವ ಮುಂಚೆ ಕವಲನ್ನು ಬೆರಳಿನಿಂದ ಒಂದು ಸಲ ಮೇಲೆ ಕೆಳಗೆ ಆಡಿಸಿ ನೋಡಿ.

ನನ್ನ ಆಯ್ಕೆ ಕೇಳಿದರೆ

ಮೊದಲ ಸೀಸನ್‌ನವರು, ಮಕ್ಕಳು, ವರ್ಷಕ್ಕೆ ನಾಲ್ಕು ದಿನ ಮಾತ್ರ ಬಿಲ್ಲು ಹಿಡಿಯುವವರು ಬಿಸ್ಕೆಟ್ ಹಾಕಿಸಿ, ಉಳಿದ ದುಡ್ಡಿನಲ್ಲಿ ಮೈಗೆಲ್ಲ ಕಟ್ಟಿಕೊಳ್ಳುವ ಒಳ್ಳೆಯ ಸುರಕ್ಷತಾ ಹಾರ್ನೆಸ್ ಕೊಳ್ಳಿ, ಮರದಿಂದ ಬೀಳುವುದಕ್ಕಿಂತ ದೊಡ್ಡ ಅಪಾಯ ಈ ಬೇಟೆಯಲ್ಲಿ ಇಲ್ಲ. ಮರದ ಮೇಲೆ ಕೂತು ಜಿಂಕೆ ಬೇಟೆ ಮಾಡುತ್ತಾ, ಅಲುಗು ಬಿಚ್ಚಿಕೊಂಡಿರುವ ಬ್ರಾಡ್‌ಹೆಡ್ ಬಳಸುವವರಿಗೆ ಬೀಗವಿರುವ ಡ್ರಾಪ್-ಅವೇ. ನಡೆದು, ತೆವಳಿ, ಬೆಟ್ಟ ಹತ್ತಿ ಬೇಟೆ ಮಾಡುವವರಿಗೆ, ಬೇಸಿಗೆಯಲ್ಲಿ 50-60 ಗಜದ ಅಭ್ಯಾಸವನ್ನೂ ಬಿಡದವರಿಗೆ ಕಂಬಿ ಇರುವ ಲಿಂಬ್ ಬಗೆ. ಬಿಸ್ಕೆಟ್‌ನಿಂದ ಬದಲಾಯಿಸುವ ಆಸೆ ಇದ್ದರೆ ಮೊದಲು ನಿಮ್ಮ ಬಾಣ ಎಲ್ಲಿ ಬೀಳುತ್ತಿದೆ ನೋಡಿ. 30 ಗಜದಲ್ಲಿ ಬ್ರಾಡ್‌ಹೆಡ್ ಸರಿಯಾದ ಜಾಗಕ್ಕೇ ಬೀಳುತ್ತಿದ್ದರೆ ಬದಲಾಯಿಸಬೇಕಾದ ಕಾರಣ ಯಾವುದೂ ಇಲ್ಲ.

ಡ್ರಾಪ್-ಅವೇ ತೆಗೆದುಕೊಳ್ಳುವವರು ಆಗಸ್ಟ್‌ನಲ್ಲೇ ಹಾಕಿಸಿಬಿಡಿ. ಹೊಸ ಹುರಿ ಮೊದಮೊದಲು ಸ್ವಲ್ಪ ಹಿಗ್ಗುತ್ತದೆ, ಗಂಟು ಜರುಗುತ್ತದೆ, ಒಂದಷ್ಟು ಬಾಣ ಬಿಟ್ಟ ಮೇಲೆ ಮತ್ತೆ ಬಿಗಿ ಮಾಡಬೇಕಾಗುತ್ತದೆ. ಹುರಿ ಕಟ್ಟಿದ ಜಾಗದಲ್ಲಿ ಬಿಳಿ ಪೆನ್ನಿನಿಂದ ಗುರುತು ಹಾಕಿಕೊಂಡರೆ ಜರುಗಿದ್ದು ಕಣ್ಣಿಗೆ ಕಾಣುತ್ತದೆ. ಹುರಿಯನ್ನು ಕೇಬಲ್ ಎಳೆಗಳ ನಡುವೆ ತೂರಿಸಿ ಕಟ್ಟಿಸುವುದಾದರೆ ಬಿಲ್ಲನ್ನು ಒತ್ತಿ ಹೆದೆ, ಕೇಬಲ್ ಸಡಿಲ ಮಾಡುವ ಬೋ ಪ್ರೆಸ್ ಬೇಕು, ಅದು ಅಂಗಡಿಯಲ್ಲೇ ಆಗಬೇಕಾದ ಕೆಲಸ. ಸೆಪ್ಟೆಂಬರ್ ಕೊನೆಯ ವಾರ ಹೋದರೆ ಅಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ.